ಹೇಳದೆ ಉಳಿದ ನೋವಿಗೂ ಬಾಗಿಲು ತೆರೆದಿದೆ

ಎಂಟನೆಯ ತರಗತಿಯ ಹುಡುಗಿಯೊಬ್ಬಳು ಒಂದು ಸಂಜೆ ಅಡುಗೆಮನೆಯಲ್ಲಿ ಅಮ್ಮನ ಬಳಿ ಕುಳಿತು, ಎರಡು ವರ್ಷಗಳ ಹಿಂದೆ ತನ್ನ ಮೇಲೆ ನಡೆದ ದೌರ್ಜನ್ಯವನ್ನು ಮೊದಲ ಬಾರಿಗೆ ಹೇಳುತ್ತಾಳೆ. ಹಾಗೆ ಮಾಡಿದವನು ಅಪರಿಚಿತನಲ್ಲ. ಮನೆಗೆ ಬಂದು ಹೋಗುವ ಬಂಧು. ರಾತ್ರಿ ಮಗಳು ಮಲಗಿದ ಮೇಲೆ ಹಿರಿಯರು ಜಗಲಿಯಲ್ಲಿ ಕುಳಿತು ಮಾತನಾಡುತ್ತಾರೆ. “ಎರಡು ವರ್ಷ ಕಳೆಯಿತು, ಇನ್ನು ಯಾರು ನಂಬುತ್ತಾರೆ?” ಎಂದು ಅಪ್ಪ. “ಊರಿಗೆ ತಿಳಿದರೆ ನಾಳೆ ಮಗುವಿನ ಮದುವೆಗೆ ತೊಡಕಾಗದೇ?” ಎಂದು ಅಜ್ಜಿ. “ಠಾಣೆಯಲ್ಲಿ ಮಲಯಾಳದಲ್ಲಿ ಕೇಳಿದರೆ ಇವಳು ಏನೆಂದು ಹೇಳಿಯಾಳು?” ಎಂದು ಅಮ್ಮ. ಯಾವ ತೀರ್ಮಾನಕ್ಕೂ ಬಾರದೆ ದೀಪ ಆರುತ್ತದೆ.

ಇದು ನಿರ್ದಿಷ್ಟವಾದ ಒಂದು ಮನೆಯ ಕಥೆಯಲ್ಲ. ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಯಾವ ಮನೆಯಲ್ಲಾದರೂ ಕೇಳಿಬರಬಹುದಾದ ಮಾತುಗಳಿವು. ಈ ಮೂರು ಪ್ರಶ್ನೆಗಳಿಗೂ ಕಾನೂನಿನಲ್ಲಿ ಉತ್ತರವಿದೆ. ಅದು ತಿಳಿಯದೆ ಹೋದಾಗ ಅಪರಾಧಿ ತಪ್ಪಿಸಿಕೊಳ್ಳುವುದು ಒಂದು ನಷ್ಟ. ಮಗುವಿಗೆ ಸಲ್ಲಬೇಕಾದ ಚಿಕಿತ್ಸೆ, ರಕ್ಷಣೆ ಮತ್ತು ಸರಕಾರದ ಪರಿಹಾರಧನ ಸಲ್ಲದೆ ಹೋಗುವುದು ಇನ್ನೊಂದು ನಷ್ಟ.

ಪರಿಹಾರಧನವೆಂದರೆ ಅಪರಾಧಿ ಕಟ್ಟುವ ದಂಡವೆಂದೇ ಹಲವರ ತಿಳಿವಳಿಕೆ. ಹಾಗಲ್ಲ. ಪ್ರಜೆಯನ್ನು ರಕ್ಷಿಸಬೇಕಾದ ಸರಕಾರವು ಆ ಕರ್ತವ್ಯದಲ್ಲಿ ಸೋತಾಗ, ನೊಂದವರ ಪುನರ್ವಸತಿಗಾಗಿ ತನ್ನ ನಿಧಿಯಿಂದ ಕೊಡುವ ಹಣವಿದು. 1994ರಲ್ಲಿ ದೆಹಲಿಯ ಮನೆಗೆಲಸದ ಮಹಿಳೆಯರ ಸಂಘಟನೆಯೊಂದು ತಂದ ಮೊಕದ್ದಮೆಯಲ್ಲಿ, ಅತ್ಯಾಚಾರಕ್ಕೆ ಒಳಗಾದವರಿಗೆ ಪರಿಹಾರ ನೀಡಲು ಮಂಡಳಿಯೊಂದು ಬೇಕೆಂದು ಸುಪ್ರೀಂ ಕೋರ್ಟು ಹೇಳಿತು. 2009ರ ಕೊನೆಯ ದಿನದಂದು ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯ 357ಎ ಕಲಮು ಜಾರಿಗೆ ಬಂದು ಈ ವಿಚಾರಕ್ಕೆ ಶಾಸನದ ಬಲ ದೊರೆಯಿತು. 2024ರ ಜುಲೈ 1ರಿಂದ ಅದೇ ಏರ್ಪಾಡು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 396ನೆಯ ಕಲಮಿನಲ್ಲಿದೆ.

ಈ ಕಲಮಿನ ನಾಲ್ಕನೆಯ ಉಪಕಲಮು ಎಲ್ಲ ಕುಟುಂಬಗಳೂ ತಿಳಿದಿರಬೇಕಾದುದು. ಅಪರಾಧಿ ಯಾರೆಂದು ಪತ್ತೆಯಾಗದೆ, ವಿಚಾರಣೆಯೇ ನಡೆಯದೆ ಹೋದರೂ, ನೊಂದವರು ಯಾರೆಂಬುದು ಗುರುತಾಗಿದ್ದರೆ ಅವರು ಅಥವಾ ಅವರ ಅವಲಂಬಿತರು ರಾಜ್ಯದ ಇಲ್ಲವೇ ಜಿಲ್ಲೆಯ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬಹುದು ಎಂದು ಅದು ಹೇಳುತ್ತದೆ. ಶಿಕ್ಷೆಯಾದರೆ ಮಾತ್ರ ಪರಿಹಾರ ಎಂಬ ನಂಬಿಕೆಗೆ ಆಧಾರವಿಲ್ಲ. ಮಕ್ಕಳ ಪ್ರಕರಣಗಳಲ್ಲಿ 2020ರ ಪೋಕ್ಸೋ ನಿಯಮಗಳು ಇದನ್ನು ಇನ್ನಷ್ಟು ಸ್ಪಷ್ಟಪಡಿಸಿವೆ. ಆರೋಪಿಯು ಖುಲಾಸೆಯಾದರೂ ಪತ್ತೆಯಾಗದೆ ಉಳಿದರೂ, ಮಗುವಿಗೆ ಹಾನಿಯಾಗಿದೆ ಎಂದು ಮನಗಂಡರೆ ವಿಶೇಷ ನ್ಯಾಯಾಲಯ ಪರಿಹಾರ ಕೊಡಿಸಬಹುದು. ಪ್ರಥಮ ವರ್ತಮಾನ ವರದಿ, ಅಂದರೆ ಎಫ್‌ಐಆರ್, ದಾಖಲಾದ ಬಳಿಕ ಯಾವ ಹಂತದಲ್ಲಾದರೂ ಮಧ್ಯಂತರ ಪರಿಹಾರಕ್ಕೆ ಆದೇಶಿಸಬಹುದು. ಆದೇಶ ತಲುಪಿದ 30 ದಿನಗಳೊಳಗೆ ಸರಕಾರ ಹಣ ಪಾವತಿಸಬೇಕು.

ಮೊತ್ತವೆಷ್ಟು ಎಂಬುದಕ್ಕೂ ಒಂದು ಅಳತೆಯಿದೆ. ಮಹಿಳೆಯರಿಗಾಗಿ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರವು ರೂಪಿಸಿದ ಯೋಜನೆಯನ್ನು ಸುಪ್ರೀಂ ಕೋರ್ಟು 2018ರಲ್ಲಿ ಅಂಗೀಕರಿಸಿತು. ಅದರಂತೆ ಅತ್ಯಾಚಾರಕ್ಕೆ 4ರಿಂದ 7 ಲಕ್ಷ ರೂಪಾಯಿ, ಸಾಮೂಹಿಕ ಅತ್ಯಾಚಾರಕ್ಕೆ 5ರಿಂದ 10 ಲಕ್ಷ ರೂಪಾಯಿ; ಅಪ್ರಾಪ್ತ ವಯಸ್ಕರಾದರೆ ಈ ಮಿತಿ ಶೇಕಡಾ 50ರಷ್ಟು ಹೆಚ್ಚು. ರಾಜ್ಯಗಳು ಇದಕ್ಕಿಂತ ಹೆಚ್ಚು ಕೊಡಬಹುದು, ಕಡಿಮೆ ಮಾಡುವಂತಿಲ್ಲ. ಮಕ್ಕಳ ಪ್ರಕರಣಗಳಿಗೂ ಈ ಯೋಜನೆಯೇ ಮಾರ್ಗದರ್ಶಿಯಾಗಬೇಕೆಂದು ಅದೇ ವರ್ಷ ಕೋರ್ಟು ಸೂಚಿಸಿತು. ಪೋಕ್ಸೋ ಕಾಯಿದೆಗೆ ಹುಡುಗ, ಹುಡುಗಿ ಎಂಬ ಭೇದವಿಲ್ಲ. ನೊಂದ ಗಂಡುಮಗುವಿಗೂ ರಕ್ಷಣೆ ಸಮಾನ. ಮಗುವಿಗೆ ದೊರೆತ ಹಣದ ಶೇಕಡಾ 80 ಭಾಗವನ್ನು ಅದು ಪ್ರಾಯಕ್ಕೆ ಬರುವವರೆಗೆ ಬ್ಯಾಂಕಿನಲ್ಲಿ ನಿರಖು ಠೇವಣಿಯಾಗಿ ಇಡಬೇಕೆಂದು ಯೋಜನೆ ಹೇಳುತ್ತದೆ. ಹಣ ಮಗುವಿನದು, ಮನೆಯ ಸಾಲ ತೀರಿಸಲು ಅಲ್ಲ ಎಂಬುದು ಇದರ ಹಿಂದಿನ ವಿವೇಕ.

ಇನ್ನು ಅಪ್ಪನ ಪ್ರಶ್ನೆ. ಮೂರು ವರ್ಷಕ್ಕಿಂತ ಹೆಚ್ಚಿನ ಸೆರೆವಾಸ ವಿಧಿಸಬಹುದಾದ ಅಪರಾಧಗಳ ಬಗ್ಗೆ ದೂರು ಕೊಡಲು ಕಾಲಮಿತಿಯಿಲ್ಲ. ಮಕ್ಕಳ ಮೇಲಿನ ಅತ್ಯಾಚಾರ ಈ ವರ್ಗಕ್ಕೆ ಸೇರಿದ್ದು. ಎರಡು ವರ್ಷಗಳ ಮೌನ ದೂರನ್ನು ಅನೂರ್ಜಿತಗೊಳಿಸುವುದಿಲ್ಲ. ತಡವಾದುದೇಕೆ ಎಂದು ನ್ಯಾಯಾಲಯ ಕೇಳುತ್ತದೆ. ಭಯ, ನಾಚಿಕೆ, ಬಂಧುವಿನ ಬೆದರಿಕೆ ಇವೇ ಅದಕ್ಕೆ ಪ್ರಾಮಾಣಿಕ ಉತ್ತರ. ಪರಿಹಾರದ ಅರ್ಜಿಗೆ ಮಾತ್ರ ಕೃತ್ಯ ನಡೆದಂದಿನಿಂದ ಅಥವಾ ವಿಚಾರಣೆ ಮುಗಿದಂದಿನಿಂದ ಮೂರು ವರ್ಷಗಳ ಅವಧಿಯಿದೆ. ಸಕಾರಣವಿದ್ದಲ್ಲಿ ಆ ವಿಳಂಬವನ್ನೂ ಪ್ರಾಧಿಕಾರ ಮನ್ನಿಸಬಹುದು. 2009ಕ್ಕಿಂತ ಹಿಂದೆ ನಡೆದ ಅಪರಾಧಗಳಲ್ಲಿ ನೊಂದವರೂ 357ಎ ಕಲಮಿನ ನಾಲ್ಕನೆಯ ಉಪಕಲಮಿನಡಿ ಅರ್ಜಿ ಹಾಕಬಹುದೆಂದು ಕೇರಳ ಹೈಕೋರ್ಟು 2020ರಲ್ಲಿ ತೀರ್ಪಿತ್ತಿದೆ.

ಆದರೆ ಒಂದು ಮಿತಿಯನ್ನು ಮುಚ್ಚಿಡುವುದು ಸರಿಯಲ್ಲ. ಶಿಕ್ಷೆಯಿಲ್ಲದೆ ಪರಿಹಾರ ಸಿಗಬಹುದು. ಯಾರಿಗೂ ಏನನ್ನೂ ಹೇಳದೆ ಸಿಗುವುದು ಕಷ್ಟ. ಯೋಜನೆಯ ಅರ್ಜಿಯೊಡನೆ ಎಫ್‌ಐಆರ್ ಪ್ರತಿಯನ್ನೋ ನ್ಯಾಯಾಲಯ ಪರಿಗಣಿಸಿದ ದೂರಿನ ಪ್ರತಿಯನ್ನೋ ಲಗತ್ತಿಸಬೇಕಾಗುತ್ತದೆ. ಪ್ರಾಯಕ್ಕೆ ಬಂದ ಮಹಿಳೆ ತಾನು ಅನುಭವಿಸಿದ ದೌರ್ಜನ್ಯದ ಬಗ್ಗೆ ದೂರು ಕೊಡಲೇಬೇಕೆಂಬ ಕಟ್ಟುಪಾಡಿಲ್ಲ. ನಿರ್ಧಾರ ಆಕೆಯದು, ಆದರೆ ಈ ಪರಿಣಾಮವನ್ನು ತಿಳಿದು ನಿರ್ಧರಿಸಬೇಕು. ಮಗುವಿನ ವಿಷಯ ಬೇರೆ. ಮಗುವಿನ ಮೇಲೆ ದೌರ್ಜನ್ಯ ನಡೆದಿದೆ ಎಂದು ಅರಿತ ಯಾರೇ ಆಗಲಿ ಅದನ್ನು ಪೊಲೀಸರಿಗೆ ತಿಳಿಸಬೇಕೆಂದು ಪೋಕ್ಸೋ ಕಾಯಿದೆಯ 19ನೆಯ ಕಲಮು ವಿಧಿಸುತ್ತದೆ. ತಿಳಿಸದಿದ್ದರೆ ಆರು ತಿಂಗಳವರೆಗೆ, ತನ್ನ ಕೈಕೆಳಗಿನವರ ಕೃತ್ಯವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗಾದರೆ ಒಂದು ವರ್ಷದವರೆಗೆ ಸೆರೆವಾಸವಾಗಬಹುದು. ಸುಮ್ಮನಿದ್ದುದಕ್ಕಾಗಿ ಮಗುವಿಗೆ ಯಾವ ಶಿಕ್ಷೆಯೂ ಇಲ್ಲ.

ಬಂಧುಗಳೊಳಗೆ ಪಂಚಾತಿಕೆ ನಡೆಸಿ ಒಂದಿಷ್ಟು ಹಣ ಪಡೆದು ಮುಗಿಸುವ ಸಲಹೆಯೂ ಬರುವುದುಂಟು. ಅದು ಪರಿಹಾರವಲ್ಲ, ಬಾಯಿ ಮುಚ್ಚಿಸಲು ಕೊಟ್ಟ ಹಣ. ಪೋಕ್ಸೋ ಅಪರಾಧಗಳು ರಾಜಿಗೆ ಒಳಪಡುವಂಥವಲ್ಲ.

ಅಜ್ಜಿಯ ಆತಂಕಕ್ಕೂ ಕಾನೂನು ಕಿವಿಗೊಟ್ಟಿದೆ. ನೊಂದವರ ಹೆಸರು, ವಿಳಾಸ, ಚಿತ್ರ, ಶಾಲೆ, ಕುಟುಂಬ, ನೆರೆಹೊರೆಯ ಗುರುತು ಇವು ಯಾವುವನ್ನೂ ಮಾಧ್ಯಮಗಳು ಪ್ರಕಟಿಸುವಂತಿಲ್ಲ. ಪ್ರಕಟಿಸಿದರೆ ಅದೇ ಅಪರಾಧ. ಮಗುವಿನ ಹೇಳಿಕೆಯನ್ನು ಮನೆಯಲ್ಲಿ ಅಥವಾ ಅದು ಬಯಸಿದ ಕಡೆ, ಸಾಧ್ಯವಾದಷ್ಟು ಮಟ್ಟಿಗೆ ಮಹಿಳಾ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಲ್ಲದ ಅಧಿಕಾರಿಯೇ ಬರೆದುಕೊಳ್ಳಬೇಕು. ಆಗ ಅಧಿಕಾರಿ ಸಮವಸ್ತ್ರದಲ್ಲಿರಬಾರದು. ರಾತ್ರಿ ಹೊತ್ತು ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ವಿಚಾರಣೆ ಮುಚ್ಚಿದ ಕೋಣೆಯಲ್ಲಿ ನಡೆಯುತ್ತದೆ. ಸಾಕ್ಷಿ ಹೇಳುವಾಗ ಆರೋಪಿಯು ಮಗುವಿನ ಕಣ್ಣಿಗೆ ಬೀಳದಂತೆ ನ್ಯಾಯಾಲಯ ನೋಡಿಕೊಳ್ಳಬೇಕು.

ಅಮ್ಮನ ಪ್ರಶ್ನೆ ಗಡಿನಾಡಿನ ಪ್ರಶ್ನೆ. ಕನ್ನಡದಲ್ಲಿ ಓದುತ್ತಿರುವ ಮಗು ತನ್ನ ಅತಿ ದೊಡ್ಡ ನೋವನ್ನು ಕಲಿಯದ ಭಾಷೆಯಲ್ಲಿ ಹೇಳಬೇಕಾಗಿಲ್ಲ. ದಾಖಲಿಸುವ ಭಾಷೆ ಮಗುವಿಗೆ ಅರ್ಥವಾಗದಿದ್ದರೆ ಭಾಷಾಂತರಕಾರರನ್ನು ಒದಗಿಸಬೇಕೆಂದು 19ನೆಯ ಕಲಮೇ ಹೇಳುತ್ತದೆ. ಅದರ ವೆಚ್ಚ ಕುಟುಂಬದ್ದಲ್ಲ. ಬರೆದುಕೊಂಡ ಹೇಳಿಕೆಯನ್ನು ಕನ್ನಡದಲ್ಲಿ ಓದಿ ತಿಳಿಸಬೇಕೆಂದು ಕೇಳುವ ಹಕ್ಕು ತಾಯಿತಂದೆಯರಿಗಿದೆ. ಅರ್ಥವಾಗದ ಕಾಗದಕ್ಕೆ ಸಹಿ ಹಾಕಬಾರದು. ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸಬಹುದೆಂದು ಸಂವಿಧಾನದ 350ನೆಯ ವಿಧಿ ಭರವಸೆ ಕೊಟ್ಟಿದೆ. ಅಲ್ಪಸಂಖ್ಯಾತ ಭಾಷಾ ಪ್ರದೇಶಗಳಲ್ಲಿ ಕನ್ನಡಿಗರು ಸರಕಾರಿ ಕಚೇರಿಗಳೊಡನೆ ಕನ್ನಡದಲ್ಲೇ ವ್ಯವಹರಿಸಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು ಎಂಬುದು 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯ ಮಾತು. ಶಾಲೆಯ ಪಠ್ಯಪುಸ್ತಕಕ್ಕಾಗಿ, ಅಧ್ಯಾಪಕರ ನೇಮಕಾತಿಗಾಗಿ ಹೋರಾಡುವ ಪೋಷಕರು ಭಾಷೆಯ ಹಕ್ಕು ಠಾಣೆಯ ಮೆಟ್ಟಿಲಲ್ಲೂ ಉಂಟೆಂಬುದನ್ನು ನೆನಪಿಡಬೇಕು.

ಮೊದಲ ಹೆಜ್ಜೆ ಆಸ್ಪತ್ರೆಯಾದರೂ ಆಗಬಹುದು. ಸರಕಾರಿ ಆಸ್ಪತ್ರೆಯಿರಲಿ, ಖಾಸಗಿ ಆಸ್ಪತ್ರೆಯಿರಲಿ, ಅತ್ಯಾಚಾರಕ್ಕೆ ಒಳಗಾದವರಿಗೆ ತಕ್ಷಣ ಉಚಿತ ಚಿಕಿತ್ಸೆ ನೀಡಬೇಕು. ಎಫ್‌ಐಆರ್ ಆಗಿಲ್ಲವೆಂಬ ಕಾರಣಕ್ಕೆ ಮಗುವಿನ ವೈದ್ಯಕೀಯ ಪರೀಕ್ಷೆಯನ್ನು ನಿರಾಕರಿಸುವಂತಿಲ್ಲ. ದೂರು ದಾಖಲಾದ 24 ಗಂಟೆಗಳೊಳಗೆ ಪೊಲೀಸರು ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕು. ಊಟ, ಬಟ್ಟೆ, ಪ್ರಯಾಣದಂತಹ ತುರ್ತು ಅಗತ್ಯಗಳಿಗೆ ವಿಶೇಷ ನೆರವನ್ನು ಶಿಫಾರಸು ಮಾಡುವ ಅಧಿಕಾರ ಆ ಸಮಿತಿಗಿದೆ, ಆ ಹಣ ಒಂದು ವಾರದೊಳಗೆ ಸಿಗಬೇಕು. ಪರಿಹಾರದ ಅರ್ಜಿಗೆ ವಕೀಲರ ಶುಲ್ಕ ಬೇಕಿಲ್ಲ. ಮಹಿಳೆಯರಿಗೂ ಮಕ್ಕಳಿಗೂ ಕಾನೂನು ನೆರವು ಉಚಿತ. ವಿದ್ಯಾನಗರದ ನ್ಯಾಯಾಲಯ ಸಂಕೀರ್ಣದಲ್ಲಿರುವ ಜಿಲ್ಲಾ ಪ್ರಾಧಿಕಾರವನ್ನು ನೇರವಾಗಿ ಕಾಣಬಹುದು, ಇಲ್ಲವೇ 15100ಕ್ಕೆ ಕರೆ ಮಾಡಬಹುದು. ಮಕ್ಕಳ ಸಹಾಯವಾಣಿ 1098. ಅರ್ಜಿ ತಿರಸ್ಕೃತವಾದರೆ 30 ದಿನಗಳೊಳಗೆ ರಾಜ್ಯ ಪ್ರಾಧಿಕಾರಕ್ಕೆ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ.

ಈ ಹಣ ಪಡೆಯುವುದು ಮಾನವನ್ನು ಮಾರಿದಂತೆ ಎಂದು ಹೇಳುವವರಿದ್ದಾರೆ. ಮಾನ ಕಳೆದುಕೊಂಡವನು ಕೃತ್ಯ ಮಾಡಿದವನು; ಮಗು ಕಳೆದುಕೊಂಡದ್ದು ನಿದ್ರೆ, ಓದು, ಮನುಷ್ಯರ ಮೇಲಿನ ವಿಶ್ವಾಸ. ಅವುಗಳನ್ನು ಮರಳಿ ಕಟ್ಟಲು ವೈದ್ಯರು ಬೇಕು, ಆಪ್ತಸಲಹೆ ಬೇಕು, ಶಾಲೆ ಮುಂದುವರಿಯಬೇಕು. ಅದಕ್ಕೆ ತಗಲುವ ವೆಚ್ಚವನ್ನು ಸರಕಾರ ಹೊರುವುದು ದಾನವಲ್ಲ.

ಜಗಲಿಯ ದೀಪ ಆರಿದ ಆ ಮನೆಯಲ್ಲಿ ಮರುದಿನ ಬೆಳಗ್ಗೆ ಮಗಳು ಶಾಲೆಯ ಚೀಲ ಹೆಗಲಿಗೇರಿಸಿ ಅಮ್ಮನ ಮುಖ ನೋಡುತ್ತಾಳೆ. ಹೇಳಬೇಕಾದುದನ್ನು ಅವಳು ಹೇಳಿಯಾಗಿದೆ. ಇನ್ನು ಹೇಳಬೇಕಾದ ಸರದಿ ಹಿರಿಯರದು.