ಎಮ್ಮೆಯ ಬಾಯಿಗೆ ಕೈ ಹಾಕುವ ಮೊದಲು

ಬೀದಿನಾಯಿಗಳ ವ್ಯಾಜ್ಯ 2025ರಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಸಂತಾನಹರಣ ಮಾಡಿ, ಲಸಿಕೆ ಹಾಕಿ ಹಿಡಿದ ಜಾಗದಲ್ಲೇ ಬಿಡಿ, ಹುಚ್ಚು ಹಿಡಿದವನ್ನೂ ಮೇಲೆರಗುವವನ್ನೂ ಬಿಡಬೇಡಿ ಎಂದು ಆಗಸ್ಟ್ 22ರಂದು ಆಜ್ಞೆಯಾಯಿತು. ಇದು ಪೇಟೆಯವರ ಜಗಳವೆಂದು ರೈತ ಬಾಂಧವರು ಸುಮ್ಮನಿರುವಂತಿಲ್ಲ. ಹೊಸಪೇಟೆ–ಹಂಪಿ ದಾರಿಯ ಮಲಪನಗುಡಿಯಂಥ ಊರುಗಳಲ್ಲಿ ನಾಯಿ, ದನ, ಮನುಷ್ಯ ಒಂದೇ ಅಂಗಳದಲ್ಲಿ ಬಾಳುವವರು. ಹುಚ್ಚು ಮಾತ್ರ ಮೂವರಲ್ಲೂ ಒಂದೇ ವೇಷದಲ್ಲಿ ಬರುವುದಿಲ್ಲ.

ಹುಚ್ಚುನಾಯಿ ನೀರಿಗೆ ಹೆದರುತ್ತದೆಂಬ ಮಾತನ್ನು ನಂಬಬೇಡಿ. ಅದು ಕಾಲುವೆಯನ್ನೂ ಈಜಿ ದಾಟೀತು. ಕಂಡದ್ದನ್ನೆಲ್ಲ ಕಚ್ಚುತ್ತ ಅಲೆಯುವ ನಾಯಿಯನ್ನು ಯಾರಾದರೂ ಗುರುತಿಸುತ್ತಾರೆ. ಮೂಲೆ ಸೇರಿ, ಕೆಳದವಡೆ ಜೋತು, ಜೊಲ್ಲು ಸುರಿಸುವ ನಾಯಿಗೂ ಅದೇ ರೋಗ. ಮೂಳೆ ಸಿಕ್ಕಿದೆಯೆಂದು ಅದರ ಬಾಯಿಗೆ ಕೈ ಹಾಕುವವರುಂಟು.

ಎಮ್ಮೆ, ದನಗಳ ವಿಷಯದಲ್ಲಿ ಮೋಸ ಹೋಗುವುದು ಇನ್ನೂ ಸುಲಭ. ಮೇವು ಬಿಡುತ್ತದೆ, ಒಡಕು ದನಿಯಲ್ಲಿ ಕೂಗುತ್ತಲೇ ಇರುತ್ತದೆ, ಜೊಲ್ಲು ಸುರಿಸುತ್ತದೆ, ಹಿಂಗಾಲು ಸೋಲುತ್ತದೆ. ನೀವೋ, ಬೆದೆಗೆ ಬಂದಿದೆ ಎನ್ನುತ್ತೀರಿ. ಇಲ್ಲವೆ ಗೊಟ್ಟ ಹಿಡಿದು ಔಷಧ ಕುಡಿಸಲು ಹೋಗುತ್ತೀರಿ. ಕುಡುಗೋಲು ತಾಗಿದ ಕೈಗೆ ಆ ಜೊಲ್ಲು ಸೋಕಿದರೂ ಅಪಾಯ. ಮೊದಲು ಪಶುವೈದ್ಯರನ್ನು ಕರೆಯಿರಿ. ಅದರ ಹಸಿ ಹಾಲು ಬೇಡ. ಸತ್ತರೆ ಚರ್ಮ ಸುಲಿಯದೆ ಆಳವಾಗಿ ಹೂಳಿ.

ನೀರಿನ ಭಯ ಮನುಷ್ಯನದು. ಕಚ್ಚಿದ ಜಾಗದಲ್ಲಿ ಜುಮುಜುಮು, ಜ್ವರ; ಆಮೇಲೆ ನೀರಿನ ಲೋಟ ಕಂಡರೂ, ಗಾಳಿ ತಾಗಿದರೂ ಗಂಟಲು ಸೆಟೆದು ಉಸಿರು ಕಟ್ಟುತ್ತದೆ. ಬಾಯಾರಿಕೆ ಇದ್ದೇ ಇರುತ್ತದೆ, ಪಾಪ, ಕುಡಿಯಲಾಗದು. ನಾಯಿಯಂತೆ ಬೊಗಳುತ್ತಾನೆ ಎನ್ನುವುದು ಆ ಸೆಟೆದ ಗಂಟಲಿನ ದನಿಯನ್ನೇ. ಅಟ್ಟಿಸಿಕೊಂಡು ಹೋಗಿ ಕಚ್ಚುವುದು ತೀರ ಅಪರೂಪ. ನಡುನಡುವೆ ಬುದ್ಧಿ ತಿಳಿಯಾಗಿ ಮನೆಯವರೊಡನೆ ಮಾತಾಡುತ್ತಾನೆ. ಅಂಥವನನ್ನು ದೆವ್ವ ಹಿಡಿದಿದೆಯೆಂದು ಕಂಬಕ್ಕೆ ಕಟ್ಟುವುದು ಕ್ರೌರ್ಯವಲ್ಲದೆ ಮತ್ತೇನು? ಕೆಲವರಲ್ಲಿ ಈ ಆರ್ಭಟವೂ ಇಲ್ಲ. ಕೈಕಾಲು ಸೋತು ಮಲಗಿಬಿಡುತ್ತಾರೆ.

ಲಕ್ಷಣ ಕಂಡ ಮೇಲೆ ಉಳಿದವರು ಇಲ್ಲವೆನ್ನುವಷ್ಟು ಕಡಿಮೆ. ಆದರೆ ವಿಷಾಣು ನರದ ದಾರಿ ಹಿಡಿದು ಮಿದುಳು ಮುಟ್ಟಲು ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಬೇಕು. ಕೆಲವೊಮ್ಮೆ ವಾರವೇ ಸಾಕು. ಅದಕ್ಕೇ ಕಚ್ಚಿದ ದಿನವೇ ಹೊರಡಿ. ಗಾಯಕ್ಕೆ ಸುಣ್ಣ, ಖಾರದಪುಡಿ ಮೆತ್ತದೆ, ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಹೊಕ್ಕಳ ಸುತ್ತ ಹದಿನಾಲ್ಕು ಸೂಜಿಯ ಕಾಲ ಹೋಗಿದೆ. ಈಗ ತೋಳಿಗೆ ಚುಚ್ಚುತ್ತಾರೆ. ರಕ್ತ ಬಂದಿದ್ದರೆ ಗಾಯದ ಸುತ್ತಲೂ ಬೇರೊಂದು ಮದ್ದು ಹಾಕಬೇಕು, ಕೇಳಿ ಹಾಕಿಸಿಕೊಳ್ಳಿ. ಕೂಲಿ ತಪ್ಪುತ್ತದೆಂದು ಎರಡು ಸೂಜಿಗೆ ನಿಲ್ಲಿಸಬೇಡಿ. ಕಚ್ಚಿಸಿಕೊಂಡ ದನಕ್ಕೂ ಲಸಿಕೆಯುಂಟು.