ಹೆತ್ತ ಹೊಟ್ಟೆಗೆ ರಜೆ ಇಲ್ಲವೇ?

ಮೂಟೆ ಹೊತ್ತು ಹಮಾಲನ ಹೊಟ್ಟೆಯಲ್ಲಿ ಗಂಟು ಎದ್ದರೆ ಅದನ್ನು ಹರ್ನಿಯಾ ಎನ್ನುತ್ತೇವೆ. ಸಂಘದವರು ಚಂದಾ ಎತ್ತುತ್ತಾರೆ, ಮಾಲೀಕನ ಬಾಗಿಲಿಗೆ ಹೋಗಿ ರಜೆ ಕೇಳುತ್ತಾರೆ. ಅದು ನ್ಯಾಯವೇ. ಅದೇ ಹಮಾಲನ ಹೆಂಡತಿಗೆ ಹೆರಿಗೆಯ ಬಳಿಕ ಹೊಕ್ಕುಳಲ್ಲಿ ಅಂಥದೇ ಗಂಟು ಎದ್ದರೆ? "ಹೆತ್ತ ಹೊಟ್ಟೆ, ಇದ್ದದ್ದೇ" ಎಂದು ಬಿಡುತ್ತೇವೆ. ಬಂಧುಗಳೇ, ಇದು ಯಾವ ಸಮಾಜವಾದ?

ಮೊನ್ನೆ ಮಿಲ್ ಕಾರ್ಮಿಕರ ಓಣಿಗೆ ಹೋಗಿದ್ದೆ. ಎರಡು ತಿಂಗಳ ಕೂಸಿನ ತಾಯಿಯೊಬ್ಬಳು ತುಂಬಿದ ಕೊಡ ಹೊತ್ತು ಬಂದಳು. ಕೆಮ್ಮು ಬಂದಾಗ ಹೊಟ್ಟೆಯನ್ನು ಕೈಯಿಂದ ಒತ್ತಿ ಹಿಡಿದಳು. ಕೇಳಿದರೆ, "ಏನಿಲ್ರೀ ಅಕ್ಕೋರೆ, ಹೊಟ್ಟೆ ಸಡ್ಲ ಆಗೈತಿ" ಎಂದಳು. ಸಡಿಲವೆಂಬ ಈ ಮಾತೇ ಮೋಸ. ಸಡಿಲವೆಂದರೆ ಆಕೆಯದೇ ತಪ್ಪೆಂದಾಯಿತು. ಅದು ದುಡಿಮೆಯ ಗಾಯ, ಹೆರುವುದೂ ದುಡಿಮೆಯೇ.

ವಿಷಯ ತಿಳಿಯಿರಿ. ಹೊಟ್ಟೆಯ ಮುಂದೆ ಎದೆಗೂಡಿನಿಂದ ಕೆಳಗಿನವರೆಗೆ ಎರಡು ಸ್ನಾಯುಪಟ್ಟಿಗಳಿವೆ. ನಡುವಿನ ಪೊರೆ ಅವನ್ನು ಜೋಡಿಸಿ ಹಿಡಿದಿದೆ. ಬಸುರಿನಲ್ಲಿ ಆ ಪೊರೆ ಹಿಗ್ಗಿ ಪಟ್ಟಿಗಳು ಅಗಲುತ್ತವೆ. ಹೆತ್ತ ಮೊದಲ ಎರಡು ತಿಂಗಳಲ್ಲಿ ಅನೇಕರಿಗೆ ತಾನೇ ಕೂಡಿಕೊಳ್ಳುತ್ತದೆ; ಕೆಲವರಿಗೆ ವರ್ಷವಾದರೂ ಕೂಡದು. ಅಂಗಾತ ಮಲಗಿ, ಮೊಣಕಾಲು ಮಡಿಚಿ, ತಲೆ ಮಾತ್ರ ಎತ್ತಿ ಹೊಕ್ಕುಳ ಬಳಿ ಮುಟ್ಟಿ ನೋಡಿದರೆ, ಎರಡು ಬೆರಳಿಗಿಂತ ಹೆಚ್ಚು ಅಗಲವಿದ್ದಲ್ಲಿ ವೈದ್ಯರಿಗೆ ತೋರಿಸಬೇಕು.

ಬಾಣಂತಿಯ ಹೊಟ್ಟೆಗೆ ಬಟ್ಟೆ ಬಿಗಿದರೆ ಆಸರೆಯಾದೀತು. ಸ್ನಾಯುವಿಗೆ ಬಲ ಬಾರದು. ಬಲಕ್ಕೆ ನಿಧಾನದ ವ್ಯಾಯಾಮ ಬೇಕು: ಉಸಿರು ಬಿಡುತ್ತ ಕಿಬ್ಬೊಟ್ಟೆಯನ್ನು ಮೆಲ್ಲಗೆ ಒಳಗೆಳೆದು ಸಡಿಲಿಸುವುದು. ಏಳುವಾಗ ಮಗ್ಗುಲಿಗೆ ಹೊರಳಿ ಕೈಯೂರಿ ಏಳಬೇಕು. ಹರ್ನಿಯಾ ಬೇರೆ. ಪೊರೆಯ ಸಂದಿಯಿಂದ ಒಳಗಿನ ಕೊಬ್ಬೋ ಕರುಳೋ ಹೊರಚಾಚುವುದು ಅದು. ಎಣ್ಣೆ ಉಜ್ಜಿದರೆ ಮುಚ್ಚದು. ವೈದ್ಯರು ನೋಡಿ, ಬೇಕಾದರೆ ಶಸ್ತ್ರಕ್ರಿಯೆ ಮಾಡಬೇಕು. ಗಂಟು ಒಳಗೆ ಹೋಗದೆ ಗಟ್ಟಿಯಾಗಿ, ನೋವು, ವಾಂತಿ ಬಂದರೆ ಆ ಗಳಿಗೆಯೇ ಆಸ್ಪತ್ರೆಗೆ ಒಯ್ಯಿರಿ. ತಡೆದರೆ ಜೀವಕ್ಕೆ ಅಪಾಯ.

"ಭಾರ ಎತ್ತಬೇಡ, ವಿಶ್ರಾಂತಿ ಪಡೆ" ಎಂದು ವೈದ್ಯರು ಹೇಳುತ್ತಾರೆ. ಯಾರಿಗೆ? ಮೂರು ಆಳುಗಳಿರುವ ಮನೆಯ ಸೊಸೆಗೆ ಅದು ಔಷಧ. ಹಸಿ ಬಾಣಂತಿಯಾಗಿ ಕೊಡ ಹೊರುವವಳಿಗೆ ಅದು ಅಣಕ!

ಕಾಯಿದೆ ಇಲ್ಲವೇ? ಇದೆ. 1961ರ ಹೆರಿಗೆ ಭತ್ಯೆ ಕಾಯಿದೆ 12 ವಾರ ಕೊಟ್ಟಿತು. 2017ರ ತಿದ್ದುಪಡಿ ಮೊದಲ ಎರಡು ಮಕ್ಕಳಿಗೆ ಅದನ್ನು 26 ವಾರಕ್ಕೆ ಏರಿಸಿತು. ಹೆರಿಗೆಯಿಂದ ಬಂದ ಕಾಯಿಲೆಗೆ ವೈದ್ಯರ ಚೀಟಿ ತೋರಿಸಿದರೆ ಮತ್ತೊಂದು ತಿಂಗಳು ಸಂಬಳದ ರಜೆಯೂ ಅದರಲ್ಲಿತ್ತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೆ. ಈ ಒಂದು ತಿಂಗಳನ್ನು ಕೇಳಿ ಪಡೆದವರು ನಮ್ಮಲ್ಲಿ ಎಷ್ಟು ಮಂದಿ? ಹಿಂದಿನ 12 ತಿಂಗಳಲ್ಲಿ 80 ದಿನ ದುಡಿದಿರಬೇಕೆಂಬುದು ಷರತ್ತು. ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದ ಗುತ್ತಿಗೆ ಹೆಂಗಸು ಯಾವ ಪುರಾವೆ ತಂದಾಳು? ಹತ್ತು ಜನ ದುಡಿಯದ ಅಂಗಡಿಗೆ ಕಾಯಿದೆ ತಾಗುವುದೇ ಇಲ್ಲ. ಗಂಡನ ಕಿರಾಣಿ ಅಂಗಡಿಯಲ್ಲಿ ಬೆಲ್ಲದ ಪೆಂಟೆ ಎತ್ತುವವಳಿಗೆ ರಜೆ ಕೊಡುವವರು ಯಾರು?

ಕೊಡಬೇಕಾದವರು ಮೂವರು. ಮಾಲೀಕ ಹೆಂಗಸರ ಹೆಸರನ್ನು ಹಾಜರಿ ಪುಸ್ತಕದಲ್ಲಿ ಬರೆಯಲಿ. ಸರಕಾರ ತಾಲ್ಲೂಕು ಆಸ್ಪತ್ರೆಯಲ್ಲಿ ಬಾಣಂತಿಯರ ಹೊಟ್ಟೆ ಪರೀಕ್ಷಿಸಿ ವ್ಯಾಯಾಮ ಕಲಿಸುವ ಏರ್ಪಾಡು ಮಾಡಲಿ. ಇವೆರಡಕ್ಕೂ ಸಂಘ ಹೋರಾಡಲಿ.

ಮೂರನೆಯವನು ನೀನು, ಸೋದರಾ. ನಾಳೆ ಬೆಳಿಗ್ಗೆ ಆ ಕೊಡವನ್ನು ನೀನು ಹೊರು. ಅದಕ್ಕೆ ಯಾವ ಕಾಯಿದೆಯ ಅಪ್ಪಣೆಯೂ ಬೇಕಿಲ್ಲ.