ಗೆದ್ದರೆ ಕಾಲೇಜಿನ ಹುಡುಗ



ಜಾತ್ರೆಯ ದಿನಗಳಲ್ಲಿ ಅಕ್ಕಲಕೋಟೆ ತಾಲೂಕಿನ ಹಳ್ಳಿಗಳ ಕಡೆ ಹೋದವರಿಗೆ ಗೋಡೆಗೆ ಅಂಟಿಸಿದ ಕುಸ್ತಿಯ ಹ್ಯಾಂಡ್‌ಬಿಲ್ ಕಣ್ಣಿಗೆ ಬೀಳದೆ ಇರದು. ಮೇಲೆ ದೇವರ ಹೆಸರು, ಕೆಳಗೆ ಪಂಚರ ಹೆಸರು, ನಡುವೆ ಇನಾಮಿನ ಲೆಕ್ಕ. ಮೊದಲಿಗೆ ಚಿಕ್ಕ ಹುಡುಗರ ರೇವಡಿ ಕುಸ್ತಿ. ಗೆದ್ದವನಿಗೆ ಒಂದು ಹಿಡಿ ರೇವಡಿ. ಆಮೇಲೆ ಹತ್ತು, ಐವತ್ತು, ನೂರು ಎಂದು ಇನಾಮು ಏರುತ್ತಾ ಹೋಗುತ್ತದೆ. ಕೊನೆಯ ಜೋಡಿಗೆ ಬೆಳ್ಳಿಯ ಕಡಗವೋ ಗದೆಯೋ ಇರುತ್ತದೆ. ಕುಸ್ತಿ ಮುಗಿಯುತ್ತಲೇ ಕಣದ ಮಣ್ಣಿನ ಮೇಲೆಯೇ, ಊರಿನವರೆಲ್ಲರ ಎದುರಿಗೆ ಹಣ ಕೈಗೆ ಬೀಳುತ್ತದೆ. ಯಾರು ಕೊಟ್ಟರು, ಎಷ್ಟು ಕೊಟ್ಟರು ಎಂದು ಮೈಕಿನಲ್ಲಿ ಕೂಗುತ್ತಾರೆ. ಪಂಚರ ತೀರ್ಪು ಸರಿಯಿಲ್ಲವೆಂದರೆ ಜನ ಅಲ್ಲಿಯೇ ಗದ್ದಲ ಎಬ್ಬಿಸುತ್ತಾರೆ. ಗದ್ದಲವಾದರೂ ಆಗಲಿ, ಅಲ್ಲಿ ಮುಚ್ಚುಮರೆ ಇಲ್ಲ.

ಇದೇ ಹುಡುಗ ಸೊಲ್ಲಾಪುರಕ್ಕೆ ಬಂದು ಕಾಲೇಜು ಸೇರಲಿ. ಕಾಲೇಜಿನ ಬನಿಯನ್ನು ತೊಟ್ಟು ಕಬಡ್ಡಿಯನ್ನೋ ಖೋ-ಖೋವನ್ನೋ ಆಡಲಿ. ಆಗ ಅವನ ಶ್ರಮದ ಬೆಲೆ ಏನು, ಅದನ್ನು ಯಾರು ಕೊಡುತ್ತಾರೆ ಎಂದು ಕೇಳಿ ನೋಡಿ. ಉತ್ತರ ಸಿಗುವುದಿಲ್ಲ. ‘ಅವನು ವಿದ್ಯಾರ್ಥಿ, ಆಟ ಅವನ ಹವ್ಯಾಸ’ ಎನ್ನುತ್ತಾರೆ.

ಹಾಗಾದರೆ ಅವನಿಗೆ ಏನೂ ಸಿಗುವುದಿಲ್ಲವೇ? ಸಿಗುತ್ತದೆ. ಮಹಾರಾಷ್ಟ್ರದಲ್ಲಿ ಹತ್ತು ಮತ್ತು ಹನ್ನೆರಡನೆಯ ತರಗತಿಯ ಕ್ರೀಡಾಪಟುಗಳಿಗೆ ಪರೀಕ್ಷೆಯಲ್ಲಿ ಗರಿಷ್ಠ 25 ಅಂಕಗಳವರೆಗೆ ಸೇರಿಸುವ ಪದ್ಧತಿಯಿದೆ. ಸರ್ಕಾರಿ ನೌಕರಿಯಲ್ಲಿ ಕ್ರೀಡಾಪಟುಗಳಿಗೆ ಶೇಕಡಾ 5 ಮೀಸಲಾತಿ ಇದೆ. ಕಾಲೇಜು ಮನಸ್ಸು ಮಾಡಿದರೆ ಶುಲ್ಕ ಬಿಡುತ್ತದೆ, ಹಾಸ್ಟೆಲ್ಲಿನಲ್ಲಿ ಜಾಗ ಕೊಡುತ್ತದೆ, ಹಾಜರಾತಿಯನ್ನು ನೋಡಿಯೂ ನೋಡದಂತೆ ಇರುತ್ತದೆ. ಕೇಂದ್ರ ಸರ್ಕಾರದ ಖೇಲೋ ಇಂಡಿಯಾ ಯೋಜನೆಗೆ ಆಯ್ಕೆಯಾದ ಕೆಲವೇ ಮಂದಿಗೆ ತರಬೇತಿಯ ವೆಚ್ಚವೆಲ್ಲ ಸೇರಿ ವರ್ಷಕ್ಕೆ 6.28 ಲಕ್ಷ ರೂ. ಎಂದು ಗೊತ್ತುಮಾಡಿದ್ದಾರೆ; ಅದರಲ್ಲಿ ಕೈಖರ್ಚಿಗೆ ಬರುವುದು ತಿಂಗಳಿಗೆ 10,000 ರೂ. ಎಂದರೆ, ನಮ್ಮ ವಿದ್ಯಾರ್ಥಿ ಆಟಗಾರರಿಗೆ ಕೂಲಿ ಸಿಗುತ್ತಲೇ ಇದೆ. ಆದರೆ ಅದು ಅಂಕದ ರೂಪದಲ್ಲಿ, ರಿಯಾಯಿತಿಯ ರೂಪದಲ್ಲಿ, ಮುಂದೆಂದೋ ಸಿಗಬಹುದಾದ ನೌಕರಿಯ ಆಸೆಯ ರೂಪದಲ್ಲಿ. ಇಂಥ ನಾಣ್ಯವನ್ನು ಎಣಿಸುವುದು ಕಷ್ಟ, ನಕಲು ಮಾಡುವುದು ಸುಲಭ. ಟ್ರ್ಯಾಂಪೊಲಿನ್ ಆಟದ ಖೋಟಾ ಪ್ರಮಾಣಪತ್ರ ತೋರಿಸಿ ಕ್ರೀಡಾ ಮೀಸಲಾತಿಯಲ್ಲಿ ನೌಕರಿ ಹಿಡಿದವರ ಪ್ರಕರಣಗಳು ಈ ದಶಕದ ಆರಂಭದಲ್ಲಿ ಮಹಾರಾಷ್ಟ್ರದಲ್ಲಿ ಬಯಲಿಗೆ ಬಂದವಷ್ಟೆ. ಮೈದಾನವನ್ನೇ ಕಾಣದವನು ಕುರ್ಚಿಯ ಮೇಲೆ ಕುಳಿತ. ಬೆವರು ಸುರಿಸಿದವನು ಅರ್ಜಿ ಹಿಡಿದು ಹೊರಗೆ ನಿಂತ.

ಇನ್ನು ಕಾಲೇಜಿಗೆ ಏನು ಸಿಗುತ್ತದೆ? ಕಾಲೇಜುಗಳ ಮೌಲ್ಯಮಾಪನ ಮಾಡುವ ನ್ಯಾಕ್ ಸಂಸ್ಥೆ ವಿದ್ಯಾರ್ಥಿಗಳು ಗೆದ್ದ ಪದಕಗಳನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ವಿಶ್ವವಿದ್ಯಾಲಯಗಳ ಕ್ರೀಡಾ ಸಾಧನೆಗೆ ಮೌಲಾನಾ ಅಬುಲ್ ಕಲಾಂ ಆಜಾದ್ ಟ್ರೋಫಿ ಇದೆ. 1956-57ರಿಂದ ಕೊಡುತ್ತಾ ಬಂದಿರುವ ಈ ಟ್ರೋಫಿಯ ಜೊತೆಗಿನ ನಗದು ಬಹುಮಾನ 2020ರಲ್ಲಿ 15 ಲಕ್ಷ ರೂ. ಆಯಿತು. ಓಡಿದವರು, ಜಿಗಿದವರು, ಬಿದ್ದೆದ್ದವರು ಮಕ್ಕಳು. ವೇದಿಕೆ ಏರಿ ಟ್ರೋಫಿ ಹಿಡಿಯುವುದು ಸಂಸ್ಥೆ. ತಪ್ಪೆಂದು ನಾನು ಹೇಳುತ್ತಿಲ್ಲ. ಮೈದಾನ, ತರಬೇತುದಾರ, ಪ್ರವಾಸ ಎಂದು ಸಂಸ್ಥೆಯೂ ಖರ್ಚು ಮಾಡಿರುತ್ತದೆ. ಆದರೆ ಎರಡೂ ಕಡೆಯ ಲೆಕ್ಕ ಒಂದೇ ಹಾಳೆಯ ಮೇಲೆ ಬಂದದ್ದನ್ನು ನಾನು ಎಲ್ಲಿಯೂ ನೋಡಿಲ್ಲ.

ಸೊಲ್ಲಾಪುರದಲ್ಲಿ ಪವರ್‌ಲೂಮ್ ಕೆಲಸಕ್ಕೆ ಹೋಗುವ ತಂದೆಯೊಬ್ಬರು ನನ್ನೊಡನೆ ಮಾತಾಡುತ್ತಾ ಇದನ್ನೆಲ್ಲ ನನಗಿಂತ ಚೆನ್ನಾಗಿ ಹೇಳಿದರು. ಅವರ ಮಗ ಕಬಡ್ಡಿ ಆಟಗಾರ. ಅಂತರ ವಿಶ್ವವಿದ್ಯಾಲಯ ಪಂದ್ಯಕ್ಕೆ ತಯಾರಿ ನಡೆಸುವಾಗ ಮೊಣಕಾಲಿನ ನರಕಟ್ಟು ಹರಿಯಿತು. “ಗೆದ್ದಾಗ ಪೇಪರಿನ್ಯಾಗ ಕಾಲೇಜಿನ ಹುಡುಗ ಅಂತ ಫೋಟೋ ಬಂತ್ರಿ ಫಾದರ್. ಕಾಲು ಹೋದಾಗ, ನಿಮ್ಮ ಮಗನ್ನ ಕರಕೊಂಡು ಹೋಗ್ರಿ ಅಂದ್ರು,” ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಶಸ್ತ್ರಚಿಕಿತ್ಸೆಗೆ ಮಾಡಿದ ಸಾಲದ ಬಡ್ಡಿ ಎಷ್ಟೆಂದು ಹೇಳಿ, ಚಹಾ ಕುಡಿದು ಎದ್ದು ಹೋದರು.

ಈ ಮಾತು ಕೇಳಿದ ಮೇಲೆ ನನಗೆ ನೆನಪಾದದ್ದು ಅಮೆರಿಕದ ಒಂದು ಹಳೆಯ ಪ್ರಕರಣ. ಅಲ್ಲಿ ಕಾಲೇಜು ಫುಟ್‌ಬಾಲ್ ಎಂದರೆ ನಮ್ಮ ಐಪಿಎಲ್ ಇದ್ದ ಹಾಗೆ. ಕ್ರೀಡಾಂಗಣ ತುಂಬುತ್ತದೆ, ಟಿವಿಯಿಂದ ಕೋಟಿ ಕೋಟಿ ಹರಿದು ಬರುತ್ತದೆ. 1955ರಲ್ಲಿ ಕೊಲೊರಾಡೊ ರಾಜ್ಯದ ಕಾಲೇಜೊಂದರ ಆಟಗಾರ ರೇ ಡೆನಿಸನ್ ಪಂದ್ಯದಲ್ಲಿ ತಲೆಗೆ ಪೆಟ್ಟು ಬಿದ್ದು ತೀರಿಕೊಂಡ. ಅವನ ಹೆಂಡತಿ, ಕೆಲಸ ಮಾಡುವಾಗ ಸತ್ತ ಕಾರ್ಮಿಕನ ಕುಟುಂಬಕ್ಕೆ ಸಿಗುವ ಪರಿಹಾರವನ್ನು ಕೇಳಿದಳು. ಅವನು ಕಾಲೇಜಿನ ನೌಕರನಲ್ಲ ಎಂದು ರಾಜ್ಯದ ಸುಪ್ರೀಂ ಕೋರ್ಟು 1957ರಲ್ಲಿ ತೀರ್ಪು ಕೊಟ್ಟಿತು. ಅಲ್ಲಿಯ ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆ ‘ವಿದ್ಯಾರ್ಥಿ-ಕ್ರೀಡಾಪಟು’ ಎಂಬ ಪದವನ್ನು ಎಲ್ಲೆಡೆ ಕಡ್ಡಾಯವಾಗಿ ಬಳಕೆಗೆ ತಂದದ್ದು ಇಂಥ ಹಕ್ಕೊತ್ತಾಯಗಳ ಭಯದಿಂದಲೇ. ಅದರ ಮುಖ್ಯಸ್ಥರಾಗಿದ್ದ ವಾಲ್ಟರ್ ಬೈಯರ್ಸ್ ಮುಂದೆ ತಮ್ಮ ಆತ್ಮಕಥನದಲ್ಲಿ ಇದನ್ನು ಒಪ್ಪಿಕೊಂಡರು. ಎಷ್ಟು ಮುದ್ದಾದ ಪದ! ಒಬ್ಬ ವಿಧವೆಗೆ ಹಣ ಕೊಡದೆ ತಪ್ಪಿಸಿಕೊಳ್ಳುವುದಕ್ಕೆ ಎಷ್ಟು ಉಪಯೋಗವಾಯಿತು!

ಆಮೇಲೆ ಕೋರ್ಟುಗಳೇ ಈ ಗೋಡೆಯನ್ನು ಒಂದೊಂದು ಇಟ್ಟಿಗೆಯಾಗಿ ಕೆಡವಿದವು. 2021ರ ಜೂನ್ 21ರಂದು ಅಮೆರಿಕದ ಸುಪ್ರೀಂ ಕೋರ್ಟು ಆಟಗಾರರ ಪರವಾಗಿ ಒಮ್ಮತದ ತೀರ್ಪು ಕೊಟ್ಟಿತು. ಹತ್ತೇ ದಿನಗಳಲ್ಲಿ, ತಮ್ಮ ಹೆಸರು ಮತ್ತು ಚಿತ್ರವನ್ನು ಜಾಹೀರಾತಿಗೆ ಕೊಟ್ಟು ಹಣ ಗಳಿಸಲು ವಿದ್ಯಾರ್ಥಿಗಳಿಗೆ ಅನುಮತಿ ಸಿಕ್ಕಿತು. 2025ರ ಜೂನ್ 6ರಂದು ಒಪ್ಪಿಗೆಯಾದ ರಾಜಿಯಂತೆ ದೊಡ್ಡ ಕಾಲೇಜುಗಳು ಮೊದಲ ವರ್ಷ ತಲಾ 2.05 ಕೋಟಿ ಡಾಲರ್‌ವರೆಗೆ, ನಮ್ಮ ಲೆಕ್ಕದಲ್ಲಿ ಸುಮಾರು 175 ಕೋಟಿ ರೂ. ಆಟಗಾರರಿಗೆ ನೇರವಾಗಿ ಹಂಚಬಹುದು. ಜಗಳ ಮುಗಿಯಿತೇ? ಇಲ್ಲ. ಫುಟ್‌ಬಾಲಿನ ಹುಡುಗರಿಗೇ ಬಹುಪಾಲು ಹೋದರೆ ಹೆಣ್ಣುಮಕ್ಕಳ ಪಾಲೆಷ್ಟು ಎಂದು ಮೇಲ್ಮನವಿಗಳಾದವು. ನಿಯಮ ಮಾಡಬೇಕಾದವರು ಎನ್‌ಸಿಎಎಯೋ, ರಾಜ್ಯಗಳೋ, ಸಂಸತ್ತೋ ಎಂದು ಎಳೆದಾಟ ಶುರುವಾಯಿತು. ಜುಲೈನಲ್ಲಿ ಅಧ್ಯಕ್ಷರೇ ಒಂದು ಆದೇಶ ಹೊರಡಿಸಿದರು. ನಮ್ಮವರೇ ಆದ ಗುರುವೊಬ್ಬರೂ ಈ ಚರ್ಚೆಯಲ್ಲಿದ್ದರು. ನೋಟ್ರ ಡೇಮ್ ಕಥೋಲಿಕ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ ಫಾದರ್ ಜಾನ್ ಜೆಂಕಿನ್ಸ್ 2023ರಲ್ಲಿ ಪತ್ರಿಕೆಗೆ ಬರೆದು, ಆಟಗಾರರನ್ನು ನೌಕರರೆಂದು ಕರೆಯುವುದು ಬೇಡ, ಅವರು ಮೊದಲು ವಿದ್ಯಾರ್ಥಿಗಳು ಎಂದು ವಾದಿಸಿದರು. ಅವರ ಕಳಕಳಿ ನನಗೆ ಅರ್ಥವಾಗುತ್ತದೆ. ಆದರೂ ಮೊಣಕಾಲು ಮುರಿದವನು ನೌಕರನೂ ಅಲ್ಲ, ಹಣ ಕೇಳುವ ಹಕ್ಕಿರುವ ವಿದ್ಯಾರ್ಥಿಯೂ ಅಲ್ಲ ಎಂದಾದರೆ ಅವನು ಯಾರು?

ಯಾರು ನಿಯಂತ್ರಿಸಬೇಕು ಎಂಬ ಪ್ರಶ್ನೆಗೆ ಸೊಲ್ಲಾಪುರದವರು ಅಮೆರಿಕದವರೆಗೆ ಹೋಗಬೇಕಿಲ್ಲ. 1961ರಿಂದ ನಡೆದು ಬಂದ ‘ಮಹಾರಾಷ್ಟ್ರ ಕೇಸರಿ’ ಕುಸ್ತಿಯನ್ನೇ ನೋಡಿ. ರಾಜ್ಯದಲ್ಲಿ ಎರಡು ಸಂಘಟನೆಗಳು. ಎರಡೂ ತಾವೇ ಅಧಿಕೃತ ಎನ್ನುತ್ತವೆ. 2025ರ ಫೆಬ್ರುವರಿಯಲ್ಲಿ ಅಹಿಲ್ಯಾನಗರದಲ್ಲಿ ನಡೆದ ಕುಸ್ತಿಯಲ್ಲಿ ಪೃಥ್ವಿರಾಜ ಮೋಹೋಳ ಗೆದ್ದರು. ಅಲ್ಲಿ ತೀರ್ಪಿನ ಬಗ್ಗೆ ಜಗಳವಾಗಿ, ಶಿವರಾಜ ರಾಕ್ಷೆಯವರಿಗೂ ನಮ್ಮ ಸೊಲ್ಲಾಪುರದ ಮಹೇಂದ್ರ ಗಾಯಕವಾಡರಿಗೂ ಮೂರು ವರ್ಷಗಳ ನಿಷೇಧ ಹೇರಲಾಯಿತು. ಮಾರ್ಚ್ ತಿಂಗಳಲ್ಲಿ ಕರ್ಜತದಲ್ಲಿ ಇನ್ನೊಂದು ಮಹಾರಾಷ್ಟ್ರ ಕೇಸರಿ! ಅದರಲ್ಲಿ ಗೆದ್ದವರು ಸೊಲ್ಲಾಪುರ ಜಿಲ್ಲೆಯ ವೇತಾಳ ಶೆಳಕೆ. ಒಂದೇ ವರ್ಷಕ್ಕೆ ಇಬ್ಬರು ಕೇಸರಿಗಳು, ಎರಡು ಗದೆಗಳು. ಇವರೆಲ್ಲ ಕಾಲೇಜಿನ ಹುಡುಗರಲ್ಲ, ನಿಜ. ಆದರೆ ತಾಲೀಮಿನಲ್ಲಿ ಬೆಳಿಗ್ಗೆ ನಾಲ್ಕಕ್ಕೆ ಎದ್ದು ದಂಡ-ಬೈಠಕ್ ಹೊಡೆಯುವ ಹದಿನೆಂಟರ ಹುಡುಗ ಕಣ್ಣಿಟ್ಟಿರುವುದು ಇದೇ ಗದೆಯ ಮೇಲೆ. ಹಾಲು, ಬಾದಾಮಿ, ತುಪ್ಪದ ಖುರಾಕಿಗೆ ಅವನ ಅಪ್ಪ ಹೊಲ ಮಾರುವುದೂ ಇದೇ ಗದೆಯನ್ನು ನಂಬಿ.

ದಿಲ್ಲಿಯಲ್ಲಿ 2025ರ ಆಗಸ್ಟ್ ತಿಂಗಳಲ್ಲಿ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯಿದೆ ಅಂಗೀಕಾರವಾಯಿತು. ರಾಷ್ಟ್ರೀಯ ಕ್ರೀಡಾ ಮಂಡಳಿ, ವ್ಯಾಜ್ಯಗಳಿಗೆ ಒಂದು ನ್ಯಾಯಮಂಡಳಿ, ಕಾರ್ಯಕಾರಿ ಸಮಿತಿಗಳಲ್ಲಿ ಕನಿಷ್ಠ ನಾಲ್ವರು ಮಹಿಳೆಯರು, ಆಟಗಾರರ ಪ್ರತಿನಿಧಿಗಳು. ಒಳ್ಳೆಯ ಮಾತುಗಳೇ. ಆದರೆ ಆ ಕಾಯಿದೆಯ ದೃಷ್ಟಿಯೆಲ್ಲ ರಾಷ್ಟ್ರೀಯ ಸಂಸ್ಥೆಗಳ ಮೇಲೆ. ಕಾಲೇಜಿಗೂ ಅಲ್ಲಿ ಆಡುವ ಹುಡುಗಿಗೂ ನಡುವಿನ ಕೊಡುಕೊಳ್ಳುವಿಕೆಯವರೆಗೆ ಅದು ಇಳಿಯುವುದಿಲ್ಲ.

ಗಡಿಯಲ್ಲಿ ಬದುಕುವವರಿಗೆ ಇನ್ನೊಂದು ಕಸಿವಿಸಿ ಇದೆ. 2025ರ ಜನವರಿಯಲ್ಲಿ ದಿಲ್ಲಿಯಲ್ಲಿ ಮೊದಲ ಖೋ-ಖೋ ವಿಶ್ವಕಪ್ ನಡೆದು ಭಾರತದ ಪುರುಷರೂ ಮಹಿಳೆಯರೂ ಗೆದ್ದರು. ಮಹಾರಾಷ್ಟ್ರ ಸರ್ಕಾರ ತನ್ನ ಆಟಗಾರರಿಗೆ ತಲಾ 2.25 ಕೋಟಿ ರೂ. ಮತ್ತು ಸರ್ಕಾರಿ ನೌಕರಿ ಎಂದು ಸಾರಿತು. ಕರ್ನಾಟಕ ತನ್ನ ಇಬ್ಬರಿಗೆ, ಬಿ. ಚೈತ್ರಾ ಮತ್ತು ಎಂ.ಕೆ. ಗೌತಮ್ ಅವರಿಗೆ, ತಲಾ 5 ಲಕ್ಷ ರೂ. ಘೋಷಿಸಿತು. ಅವರು ಅದನ್ನು ಬೇಡವೆಂದರು. ದುರಾಸೆ ಎಂದು ಮೂಗು ಮುರಿದವರೂ ಇದ್ದರು. ನನಗೆ ಹಾಗೆ ಅನ್ನಿಸಲಿಲ್ಲ. ಒಂದೇ ಅಂಗಳ, ಒಂದೇ ಪದಕ, ಒಂದೇ ಬೆವರು. ನಡುವಿನ ಅಂತರ ನಲವತ್ತೈದು ಪಟ್ಟು! ಅಕ್ಕಲಕೋಟೆಯಲ್ಲಿ ಮನೆಯೊಳಗೆ ಕನ್ನಡ ಮಾತಾಡುವ ಹುಡುಗಿಗೆ ಈ ಲೆಕ್ಕದಲ್ಲಿ ಮಹಾರಾಷ್ಟ್ರದ ಪಾಲು ಸಿಗುತ್ತದೆ. ಗಡಿ ದಾಟಿ ಆಳಂದಕ್ಕೋ ಅಫಜಲಪುರಕ್ಕೋ ಮದುವೆಯಾಗಿ ಹೋದ ಅವಳ ಚಿಕ್ಕಮ್ಮನ ಮಗಳಿಗೆ ಇಲ್ಲ.

ಅದೂ ಗೆದ್ದ ಮೇಲಿನ ಮಾತು. ಪಕ್ಕದ ಧಾರಾಶಿವ ಜಿಲ್ಲೆಯ ಸಾರಿಕಾ ಕಾಳೆ 2016ರ ದಕ್ಷಿಣ ಏಷ್ಯಾ ಕ್ರೀಡೆಗಳಲ್ಲಿ ಖೋ-ಖೋ ತಂಡದ ನಾಯಕಿಯಾಗಿ ಚಿನ್ನ ಗೆದ್ದವರು, 2020ರಲ್ಲಿ ಅರ್ಜುನ ಪ್ರಶಸ್ತಿ ಪಡೆದವರು. ಸುಮಾರು ಹತ್ತು ವರ್ಷ ದಿನಕ್ಕೆ ಒಂದೇ ಊಟ ಮಾಡಿ ಆಡಿದೆ ಎಂದು ಆಗ ಅವರೇ ಹೇಳಿಕೊಂಡರು. ಪ್ರಶಸ್ತಿಯ ಹಣ ಬಂತು. ಆದರೆ ಹಸಿದಿದ್ದ ಹದಿನಾರರ ಹುಡುಗಿಯ ತಟ್ಟೆಗೆ ಅದು ಬೀಳಲಿಲ್ಲ. ಅತ್ತ ಕ್ರಿಕೆಟ್ ನೋಡಿ. ಸೊಲ್ಲಾಪುರದ ಅರ್ಶಿನ್ ಕುಲಕರ್ಣಿಯನ್ನು 2023ರ ಡಿಸೆಂಬರ್ ಹರಾಜಿನಲ್ಲಿ ಲಖನೌ ತಂಡ 20 ಲಕ್ಷ ರೂ.ಗೆ ಕೊಂಡಾಗ ಆತನಿಗೆ ಹದಿನೆಂಟು ವರ್ಷ. ಅಸೂಯೆ ಪಡುವ ಸಂಗತಿ ಅಲ್ಲ ಅದು. ಕ್ರಿಕೆಟ್ಟಿನಲ್ಲಿ ಎಷ್ಟು ಆಡಿದರೆ ಎಷ್ಟು ಹಣ ಎಂದು ಮೊದಲೇ ಬರೆದಿಟ್ಟಿರುತ್ತಾರೆ, ಅಷ್ಟೆ. ನಮ್ಮ ಹಳ್ಳಿಯ ಕುಸ್ತಿಯ ಹ್ಯಾಂಡ್‌ಬಿಲ್‌ನಲ್ಲಿಯೂ ಬರೆದಿರುತ್ತದೆ. ನಡುವೆ ಇರುವ ಕಾಲೇಜಿನಲ್ಲಿ ಮಾತ್ರ ಬರೆಯುವುದಿಲ್ಲ.

‘ಆಟವೆಂದರೆ ತ್ಯಾಗ, ಹಣ ಬಂದರೆ ಮಕ್ಕಳು ಕೆಡುತ್ತಾರೆ’ ಎಂದು ಹೇಳುವ ಹಿರಿಯರು ನಮ್ಮ ಧರ್ಮಕೇಂದ್ರಗಳಲ್ಲಿಯೂ ಇದ್ದಾರೆ. ಸಂತ ಪೌಲರು ಓಟಗಾರರನ್ನು, ಮುಷ್ಟಿಕಾಳಗದವರನ್ನು, ಬಾಡಿಹೋಗುವ ಕಿರೀಟವನ್ನು ಉದಾಹರಣೆ ಕೊಟ್ಟದ್ದನ್ನು ಅವರು ನೆನಪಿಸುತ್ತಾರೆ. ಸರಿ, ಅದು ಕೊರಿಂಥಿಯರಿಗೆ ಬರೆದ ಮೊದಲನೆಯ ಪತ್ರದ 9ನೇ ಅಧ್ಯಾಯದ ಕೊನೆ. ಅದೇ ಅಧ್ಯಾಯವನ್ನು ಮೊದಲಿನಿಂದ ಓದಿ ನೋಡಿ. ಅದು ಶುರುವಾಗುವುದೇ ಕೂಲಿಯ ಹಕ್ಕಿನಿಂದ! ಸೈನಿಕ, ದ್ರಾಕ್ಷಿ ಬೆಳೆಗಾರ, ಕುರಿಗಾಹಿ, ಕಣ ತುಳಿಯುವ ಎತ್ತು, ಎಲ್ಲರಿಗೂ ಅವರವರ ಪಾಲು ಉಂಟು ಎಂದು ಪೌಲರು ಸಾಲುಸಾಲಾಗಿ ವಾದಿಸುತ್ತಾರೆ. ತನಗೂ ಆ ಹಕ್ಕು ಇದೆ, ಆದರೆ ತಾನು ಅದನ್ನು ಬಳಸಿಕೊಳ್ಳಲಿಲ್ಲ ಎನ್ನುತ್ತಾರೆ. ಬಿಟ್ಟುಕೊಟ್ಟವರು ಅವರೇ. ಬೇರೆ ಯಾರೋ ಸಭೆ ಸೇರಿ, ‘ಪೌಲ, ನಿನ್ನ ಕೂಲಿಯನ್ನು ನೀನು ತ್ಯಾಗ ಮಾಡಿರುವೆ’ ಎಂದು ಠರಾವು ಮಾಡಲಿಲ್ಲ. ಅಂದ ಹಾಗೆ, ಆ ಬಾಡುವ ಕಿರೀಟದ ಹಿಂದೆಯೂ ಹಣವಿತ್ತು. ಒಲಿಂಪಿಕ್ ಗೆದ್ದು ಬಂದ ಅಥೆನ್ಸಿನವನಿಗೆ 500 ದ್ರಾಖ್ಮ, ಕೊರಿಂಥದ ಬಳಿಯ ಇಸ್ತ್‌ಮಿಯ ಕ್ರೀಡೆಗಳಲ್ಲಿ ಗೆದ್ದವನಿಗೆ 100 ದ್ರಾಖ್ಮ ಎಂದು ಸೊಲೋನನ ಕಾನೂನು ಗೊತ್ತುಪಡಿಸಿತ್ತೆಂದು ಪ್ಲುಟಾರ್ಕ್ ಬರೆದಿದ್ದಾನೆ. ಅದೂ ಮೊದಲೇ ಬರೆದಿಟ್ಟ ಲೆಕ್ಕ.

ಹಾಗೆಂದು ಅಮೆರಿಕದ ಹಾಗೆ ಕೋಟಿಗಟ್ಟಲೆ ಹಂಚಿ ಎಂದು ಸೊಲ್ಲಾಪುರದ ಕಾಲೇಜಿಗೆ ಹೇಳುವುದು ಹುಚ್ಚುತನ. ಅಲ್ಲಿ ಹಂಚಲು ಟಿವಿಯ ಹಣವಿದೆ, ಇಲ್ಲಿ ಎಷ್ಟೋ ಕಡೆ ಚೆಂಡು ಕೊಳ್ಳಲು ಹಣವಿಲ್ಲ. ನಾನು ಕೇಳುವುದು ಒಂದು ಹಾಳೆ. ಪ್ರವೇಶದ ದಿನ ಆಟಗಾರನಿಗೂ ಅವನ ತಂದೆತಾಯಿಗೂ ಕೈಗೆ ಕೊಡುವ ಒಂದು ಹಾಳೆ, ಅವರಿಗೆ ಓದಲು ಬರುವ ಭಾಷೆಯಲ್ಲಿ. ಅದರಲ್ಲಿ ಬರೆದಿರಲಿ: ಎಷ್ಟು ಶುಲ್ಕ ಬಿಡುತ್ತೇವೆ, ಅದು ಒಂದು ವರ್ಷಕ್ಕೋ ಮೂರೂ ವರ್ಷಕ್ಕೋ, ತಂಡದಿಂದ ಕೈಬಿಟ್ಟರೆ ಆ ರಿಯಾಯಿತಿ ಉಳಿಯುತ್ತದೆಯೋ ಇಲ್ಲವೋ. ಬಹುಮಾನದ ಹಣದಲ್ಲಿ ಆಟಗಾರನ ಪಾಲೆಷ್ಟು. ಪಂದ್ಯಕ್ಕೆ ಹೋಗಿ ತಪ್ಪಿದ ಪರೀಕ್ಷೆಯನ್ನು ಮತ್ತೆ ಯಾವಾಗ ಬರೆಯಿಸುತ್ತೇವೆ. ಗಾಯವಾದರೆ ಆಸ್ಪತ್ರೆಯ ಖರ್ಚು ಯಾರದು, ವಿಮೆ ಮಾಡಿಸಿದ್ದೇವೆಯೇ. ಹುಡುಗಿಯರಿಗೂ ಹುಡುಗರಿಗೂ ಒಂದೇ ಹಾಳೆಯೇ. ತಕರಾರಿದ್ದರೆ ದೈಹಿಕ ಶಿಕ್ಷಕರನ್ನು ಬಿಟ್ಟು ಬೇರೆ ಯಾರಲ್ಲಿ ಹೇಳಬೇಕು.

ವಿಮೆಯ ವಿಷಯವನ್ನು ಮಾತ್ರ ಮುಂದಿನ ವರ್ಷಕ್ಕೆ ತಳ್ಳಬೇಡಿ. ತಂಡಕ್ಕೆಲ್ಲ ಒಟ್ಟಾಗಿ ಅಪಘಾತ ವಿಮೆ ಮಾಡಿಸುವುದು ಸಂಸ್ಥೆಗೆ ದೊಡ್ಡ ಹೊರೆಯಲ್ಲ. ವಾರ್ಷಿಕೋತ್ಸವದ ಶಾಮಿಯಾನಕ್ಕೆ ಅದಕ್ಕಿಂತ ಹೆಚ್ಚು ಸುರಿಯುವವರನ್ನು ನೋಡಿದ್ದೇವೆ. ನಮ್ಮ ಓದುಗರಲ್ಲಿ ಶಾಲಾ-ಕಾಲೇಜುಗಳ ಆಡಳಿತ ಮಂಡಳಿಯಲ್ಲಿ ಕುಳಿತವರು ಹಲವರಿದ್ದೀರಿ, ಗುರುಗಳೂ ಕನ್ಯಾಸ್ತ್ರೀಯರೂ ಇದ್ದೀರಿ. ಹೊಸ ಪ್ರವೇಶಗಳು ಜೂನ್ ತಿಂಗಳಲ್ಲಿ ಶುರುವಾಗುತ್ತವೆ. ಅದಕ್ಕೆ ಮೊದಲು ನಡೆಯುವ ಸಭೆಯ ವಿಷಯಪಟ್ಟಿಯಲ್ಲಿ ಈ ಹಾಳೆಯನ್ನು ಸೇರಿಸಿ. ಕರಡು ಬರೆಯುವಾಗ ತಂಡದ ಇಬ್ಬರು ಮಕ್ಕಳನ್ನೂ ಒಬ್ಬ ತಾಯಿಯನ್ನೂ ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಿ.